ಮೋವರ್ ಸ್ಟಾರ್ಟ್ ಆಗುತ್ತದೆ, ಕಾಲು ಗಂಟೆಗೆ ನಿಂತುಹೋಗುತ್ತದೆ

ರೇಲಿ ಹಿತ್ತಿಲು:
ನಮಸ್ಕಾರ. ನಾವಿರುವುದು ನಾರ್ತ್ ಕ್ಯಾರೊಲಿನಾದ ರೇಲಿ ಊರಿನ ಹೊರಗೆ. ಮನೆ ಸುತ್ತ ಮುಕ್ಕಾಲು ಎಕರೆ ಹುಲ್ಲು. ಹುಲ್ಲು ಕತ್ತರಿಸಲು ಕೂತು ಓಡಿಸುವ ಮೋವರ್ ಇದೆ. ಸಿಂಗಲ್ ಸಿಲಿಂಡರ್ ಇಂಜಿನ್, 42 ಇಂಚಿನ ಡೆಕ್ (ಬ್ಲೇಡ್ ತಿರುಗುವ ಕವಚ), ಟ್ಯಾಂಕ್ ಸೀಟಿನ ಕೆಳಗೆ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಸದ್ದು ಏರುವುದು, ಇಳಿಯುವುದು ಶುರು. ಹಾಗೇ ಸೊರಗಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸಲೀಸಾಗಿ ಸ್ಟಾರ್ಟ್! ಪ್ಲಗ್, ಏರ್ ಫಿಲ್ಟರ್, ಫ್ಯುಯೆಲ್ ಫಿಲ್ಟರ್ ಮೂರೂ ಹೊಸದು. ಪೆಟ್ರೋಲ್ ಕೂಡ ಈ ವಾರದ್ದೇ. ಈಗ ಏಪ್ರಿಲ್, ಫೆಸ್ಕ್ಯೂ ಹುಲ್ಲು ಜೋರಾಗಿ ಬೆಳೆಯುವ ಕಾಲ. ರಿಪೇರಿ ಅಂಗಡಿಗಳಲ್ಲಿ ಸರದಿ ಸಿಗುವುದೇ ಕಷ್ಟ. ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬಿಚ್ಚುವ ಮುಂಚೆ ಏನೇನು ನೋಡಬೇಕು?

ಸಂಜೆ ಪೇಟೆ:
ಕಾರ್ಬೊರೇಟರೇ ಇರಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಹೊಸದೇ ಹಾಕಿಬಿಡಿ.

ಹಳೇ ಗ್ಯಾರೇಜ್:
ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುತ್ತಿದ್ದೆ. ಈಗ ಓಹಾಯೋದಲ್ಲಿ ಮೋವರ್ ರಿಪೇರಿ. ಎರಡೂ ಕಡೆ ನಾನು ಮೊದಲು ಕೇಳುವುದು ಒಂದೇ: ಇಂಜಿನ್ ಹೇಗೆ ನಿಲ್ಲುತ್ತದೆ?

ಕೀ ಆಫ್ ಮಾಡಿದ ಹಾಗೆ ಟಕ್ಕಂತ ನಿಂತರೆ ಕರೆಂಟಿನ ಕಡೆ ಹುಡುಕಬೇಕು. ಸೀಟಿನಿಂದ ಎದ್ದರೆ ಇಂಜಿನ್ ನಿಲ್ಲಿಸುವ ಸೀಟ್ ಸ್ವಿಚ್ ಇರಬಹುದು, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಇರಬಹುದು. ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಸರಿಹೋಗುವ ಕಾಯಿಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮದು ಹಾಗಲ್ಲ. ಏರಿ, ಇಳಿದು, ಸೊರಗುತ್ತಿದೆ. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಪೆಟ್ರೋಲ್ ಕಡಿಮೆಯಾದರೆ ವೇಗ ಬೀಳುತ್ತದೆ, ಇಂಜಿನ್ ವೇಗ ಒಂದೇ ಸಮ ಇಡುವ ಗವರ್ನರ್ ಅನ್ನೋ ಭಾಗ ಥ್ರಾಟಲ್ ತೆರೆದು ಮೇಲೆತ್ತುತ್ತದೆ, ಮತ್ತೆ ಬೀಳುತ್ತದೆ. ನಿಮಗೆ ಕೇಳಿಸುತ್ತಿರುವ ಏರಿಳಿತ ಅದೇ.

ಕಾರ್ಬೊರೇಟರ್ ಮೇಲೆ ನನಗೆ ಅನುಮಾನ ಕಡಿಮೆ. ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಂಡಿದ್ದರೆ ಮೊದಲ ನಿಮಿಷದಿಂದಲೇ ತೊಂದರೆ ಕೊಡುತ್ತಿತ್ತು, ಅಲ್ವಾ? ಟ್ಯಾಂಕಿನಿಂದ ಬರುವ ದಾರಿಯನ್ನೇ ಮೊದಲು ನೋಡೋಣ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋದರೆ ಒಳಗೆ ವ್ಯಾಕ್ಯೂಮ್ ಆಗಿ ಪಂಪಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಮುಂದಿನ ಸಲ ನಿಂತ ಕೂಡಲೇ ಮುಚ್ಚಳ ಸಡಿಲಿಸಿ. 'ಸ್' ಅಂತ ಗಾಳಿ ಎಳೆದುಕೊಂಡು, ಇಂಜಿನ್ ತಕ್ಷಣ ಸ್ಟಾರ್ಟ್ ಆದರೆ ಮುಚ್ಚಳದ್ದೇ ತಪ್ಪು.

ಅದಲ್ಲದಿದ್ದರೆ ಇಂಜಿನ್ ಪೂರ್ತಿ ತಣ್ಣಗಾಗಲಿ. ಗ್ಯಾರೇಜಿನ ಒಳಗೆ ಬೇಡವೇ ಬೇಡ, ಹೊರಗೆ ಬಯಲಿಗೆ ತನ್ನಿ. ಫಿಲ್ಟರ್ ಆದಮೇಲಿನ ಪೈಪ್ ಬಿಡಿಸಿ, ತುದಿಯನ್ನು ಟ್ಯಾಂಕಿಗಿಂತ ಕೆಳಗಿಟ್ಟ ಪೆಟ್ರೋಲ್ ಕ್ಯಾನಿಗೆ ಬಿಡಿ. ಸುಮ್ನೆ ನೋಡುತ್ತಾ ಇರಿ. ಧಾರೆ ಒಂದೇ ಸಮ ಬರಬೇಕು.

ರೇಲಿ ಹಿತ್ತಿಲು:
ಮುಚ್ಚಳ ಸಡಿಲಿಸಿದರೂ ವ್ಯತ್ಯಾಸ ಆಗಲಿಲ್ಲ. ಪೈಪ್ ಬಿಡಿಸಿದೆ. ಮೊದಲು ಒಳ್ಳೆ ಧಾರೆ ಬಂತು, ಆಮೇಲೆ ನೂಲಿನಷ್ಟಾಯಿತು, ಕೊನೆಗೆ ಬರೀ ಹನಿ. ಟ್ಯಾಂಕಿನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ.

ಹಳೇ ಗ್ಯಾರೇಜ್:
ಹಾಗಿದ್ದರೆ ತಡೆ ಇರುವುದು ಟ್ಯಾಂಕಿನಿಂದ ಪೈಪ್ ಹೊರಡುವ ಜಾಗದಲ್ಲೇ. ಫಿಲ್ಟರ್ ಅದಕ್ಕಿಂತ ಮುಂದಿದೆ, ಹೊಸದು ಹಾಕಿದರೂ ಪ್ರಯೋಜನ ಆಗದಿದ್ದುದು ಅದಕ್ಕೇ. ಏನೋ ಒಂದು ಒಳಗೆ ಓಡಾಡುತ್ತಿದೆ. ಪೆಟ್ರೋಲ್ ಹರಿದಾಗ ಎಳೆತಕ್ಕೆ ಬಂದು ತೂತಿಗೆ ಅಂಟಿಕೊಳ್ಳುತ್ತದೆ, ಇಂಜಿನ್ ನಿಂತ ಮೇಲೆ ಬಿಟ್ಟು ಸರಿಯುತ್ತದೆ. ಟ್ಯಾಂಕ್ ಖಾಲಿ ಮಾಡಿ, ಟಾರ್ಚ್ ಬಿಟ್ಟು ನೋಡಿ. ಪೈಪಿನಿಂದ ಹಿಂದಕ್ಕೆ ಗಾಳಿ ಬಿಡಬೇಕೆಂದರೆ ಸೈಕಲ್ ಪಂಪ್ ಸಾಕು. ಬಾಯಿಂದ ಊದಬೇಡಿ.

ರೇಲಿ ಹಿತ್ತಿಲು:
ಸಿಕ್ಕಿತು! ಯಾವುದೋ ಬಾಟಲಿಯ ಬಾಯಿಗೆ ಅಂಟಿಸಿರುತ್ತಾರಲ್ಲ, ಆ ತೆಳು ಸೀಲಿನ ತುಂಡು. ಹೆಬ್ಬೆರಳ ಉಗುರಿನಷ್ಟು ಅಗಲ. ನಡುವೆ ಗುಂಡಗೆ ತೂತಿನ ಅಚ್ಚು ಬಿದ್ದಿದೆ. ಇವತ್ತು ಮನೆ ಹಿಂದೆ ಮುಂದೆ ಎಲ್ಲಾ ಕತ್ತರಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ನಿಮಗೆ ತುಂಬಾ ಥ್ಯಾಂಕ್ಸ್.

ಮಲೆನಾಡ ಅಡಿಕೆ:
ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟದ ಕಳೆ ಹೊಡೆಯುವ ಟೂ ಸ್ಟ್ರೋಕ್ ಮಿಷನ್ನಿಗೂ ಇದೇ ಕಾಯಿಲೆ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿತ್ತು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಅದರಿಂದ ಹೀಗಾಗುತ್ತದಾ?

ಹಳೇ ಗ್ಯಾರೇಜ್:
ಆಗಬಹುದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಬೇರೆ ಪದರವಾಗಿ ತಳಕ್ಕಿಳಿಯುತ್ತವೆ. ಟೂ ಸ್ಟ್ರೋಕಿಗೆ ಇದು ಜಾಸ್ತಿ ಅಪಾಯ. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಇಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ತಳದ ಪದರ. ಪಿಸ್ಟನ್ ಹಿಡಿದುಕೊಳ್ಳುತ್ತದೆ. ಟ್ಯಾಂಕಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಬಿಡಿ. ಎರಡು ಪದರ ಕಂಡರೆ ಆ ಪೆಟ್ರೋಲನ್ನು ಮತ್ತೆ ಬಳಸಬೇಡಿ. ಅಮೆರಿಕದಲ್ಲಿ ಮೋವರ್‌ಗೆ 10% ಎಥನಾಲ್ ತನಕ ಸರಿ, 15% ಇರುವ ಪೆಟ್ರೋಲ್ ಹಾಕುವಂತಿಲ್ಲ. ಬಂಕಿನ ಪಂಪಿನ ಮೇಲೇ ಆ ಚೀಟಿ ಅಂಟಿಸಿರುತ್ತಾರೆ. ನಿಮ್ಮ ಮಿಷನ್ ಎಷ್ಟು ತಡೆಯುತ್ತದೆ ಅಂತ ಅದರ ಪುಸ್ತಕದಲ್ಲಿ ನೋಡಿ.

ಇನ್ನೊಂದು ವಿಷಯ. ನಿಮ್ಮಂಥ ಮಿಷನ್ನಿನ ಟ್ಯಾಂಕಿನೊಳಗೆ ಪೈಪಿನ ತುದಿಗೆ ಭಾರದ ಸಣ್ಣ ಫಿಲ್ಟರ್ ಇರುತ್ತದೆ. ತಂತಿ ಕೊಕ್ಕೆ ಹಾಕಿ ಮೆಲ್ಲಗೆ ಹೊರಗೆಳೆಯಿರಿ. ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಪೆಟ್ರೋಲ್ ಜೊತೆ ಗಾಳಿ ಹೋಗುತ್ತಿದೆ ಅಂತಲೇ ಅರ್ಥ. ಪೈಪ್, ಫಿಲ್ಟರ್ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಅದು ಚೆನ್ನಾಗಿದ್ದರೆ ಮಾತ್ರ ಕಾರ್ಬೊರೇಟರ್ ಬಿಚ್ಚಿ, ಒಳಗಿನ ಡಯಾಫ್ರಮ್ (ಬಳುಕುವ ತೆಳು ಪೊರೆ) ಗಟ್ಟಿಯಾಗಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ.