ವಾರ್ಡಿನ ಜನರಿಗೆ ವರದಿ ಒಪ್ಪಿಸುವಾಗ ಆಗದ ಕೆಲಸವನ್ನೂ ಬರೆಯಬೇಕೇ?

ಕೇಳಿದವರು: ಗಜನಿ ದಂಡೆಯವಳು, ಕುಮಟಾ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಅಘನಾಶಿನಿ ಅಳಿವೆಯ ದಂಡೆಯಲ್ಲಿರುವ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಗೆದ್ದ ವರ್ಷದಿಂದ ಮೂರು ತಿಂಗಳಿಗೊಮ್ಮೆ ವಾರ್ಡಿನ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ನ್ಯಾಯಬೆಲೆ ಅಂಗಡಿ, ಹಾಲಿನ ಸೊಸೈಟಿ ಮತ್ತು ಬಸ್ ತಂಗುದಾಣದ ಗೋಡೆಗೆ ಅಂಟಿಸುತ್ತಿದ್ದೇನೆ. ಚರಂಡಿ, ಎರಡು ಬೀದಿದೀಪ, ಶಾಲೆಯ ಹಿಂದಿನ ಕಾಲುಸಂಕದ ದುರಸ್ತಿ, ಹೀಗೆ ಮುಗಿದ ಕೆಲಸಗಳ ಪಟ್ಟಿ ಅದು.

ಕಳೆದ ತಿಂಗಳು ಹಾಲಕ್ಕಿ ಒಕ್ಕಲಿಗರ ಕೊಪ್ಪಕ್ಕೆ, ಅಂದರೆ ಅವರ ಕೇರಿಗೆ, ಹೋಗಿದ್ದೆ. ಅಲ್ಲಿನ ಒಬ್ಬ ಅಜ್ಜಿ ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲವನ್ನು ತೆಗೆದು ನನ್ನ ಕೈಗಿಟ್ಟರು. ಒಳಗೆ ಅರಣ್ಯ ಹಕ್ಕಿನ ಅರ್ಜಿಯ, ಅಂದರೆ ಕಾಡಿನ ಜಾಗದಲ್ಲಿ ಬಾಳಿಕೊಂಡು ಬಂದವರು ಆ ಜಾಗದ ಹಕ್ಕಿಗೆ ಹಾಕುವ ಅರ್ಜಿಯ, ಸ್ವೀಕೃತಿ ಚೀಟಿ. ಮಡಿಕೆಯಲ್ಲಿ ಹರಿದದ್ದನ್ನು ಅನ್ನದ ಅಗುಳು ತಿಕ್ಕಿ ಅಂಟಿಸಿದ್ದರು. ಮೊಹರಿನ ನೀಲಿ ಶಾಯಿ ಹರಡಿ ತಾರೀಕು ಅರ್ಧ ಅಳಿಸಿತ್ತು. “ತಂಗೀ, ನೀನು ಗೋಡೆಗೆ ಅಂಟಿಸಿದ್ದನ್ನು ಮೊಮ್ಮಗ ಓದಿ ಹೇಳಿದ. ಅದರಲ್ಲಿ ನನ್ನ ಕಾಗದದ ಸುದ್ದಿ ಇರಲಿಲ್ಲವಲ್ಲ?” ಎಂದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅವರಿಗೆ ಬೇಕಾಗಿದ್ದ ಒಂದೇ ಒಂದು ಸುದ್ದಿಯನ್ನು ಇಷ್ಟು ವರ್ಷ ನಾನು ಬರೆದೇ ಇರಲಿಲ್ಲ.

ಅದೇ ದಿನ ಹೊಳೆಯ ಇಳಿತದ ಹೊತ್ತಿಗೆ ಬಳಚು (ಚಿಪ್ಪಿನ ಮೀನು) ತೆಗೆಯಲು ಇಳಿದಿದ್ದ ಹೆಂಗಸರು ಇನ್ನೊಂದು ಕೇಳಿದರು: ಅಳಿವೆ ರಾಮ್ಸರ್ ಎಂಬ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆಯಂತೆ, ಇನ್ನು ನಾವು ಹೊಳೆಗೆ ಇಳಿಯುವ ಹಾಗಿಲ್ಲವೇ?

ಆಗದ ಕೆಲಸಗಳನ್ನೂ ಹಾಳೆಯಲ್ಲಿ ಬರೆಯುತ್ತೇನೆ ಎಂದಾಗ ಜೊತೆಯ ಸದಸ್ಯರೊಬ್ಬರು, ಅದು ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ ಎಂದರು. ನನಗೆ ಬರೆಯಬೇಕೆಂದೇ ಇದೆ. ಆದರೆ ನನ್ನ ಕೈಯಲ್ಲಿಲ್ಲದ, ಬೆಂಗಳೂರಿನಲ್ಲಿ ತೀರ್ಮಾನವಾಗುವ ವಿಷಯಗಳನ್ನು ಹೇಗೆ ಬರೆಯಲಿ? ಅನುಭವವಿದ್ದವರು ತಿಳಿಸಿ.

*

ಉತ್ತರ 1: ನಿವೃತ್ತ ಪಿಡಿಒ, ಶಿರಸಿ

ತಂಗೀ, ಖಂಡಿತ ಬರೆಯಿರಿ. ಪಂಚಾಯಿತಿ ಸಭೆಯಲ್ಲಿ ಹಿಂದಿನ ನಡಾವಳಿ ಓದಿದ ಮೇಲೆ ಅನುಪಾಲನಾ ವರದಿ ಬರುತ್ತದಲ್ಲ, ಜನರಿಗೆ ಸಿಗಬೇಕಾದದ್ದು ಅದೇ. ಕಳೆದ ಸಲ ಏನು ಠರಾವು ಮಾಡಿದೆವು, ಅದು ಎಲ್ಲಿಗೆ ಬಂತು.

ನನ್ನ ಸೇವೆಯ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಹಿರಿಯರು ಪ್ರತಿ ಗ್ರಾಮಸಭೆಗೂ ಬಂದು, ಕೊನೆಯ ಸಾಲಿನಲ್ಲಿ ಕುಳಿತು, ತಮ್ಮ ಕೇರಿಯ ಕಾಲುಸಂಕದ ಬಗ್ಗೆ ಕೇಳುತ್ತಿದ್ದರು. ಎರಡು ಸಲ ನಾನು “ಪ್ರಸ್ತಾವನೆ ಸಲ್ಲಿಸಲಾಗಿದೆ” ಎಂದು ಓದಿ ಮುಂದೆ ಹೋದೆ. ಮೂರನೆಯ ಸಲ ಅವರು ಎದ್ದು ನಿಂತು “ಯಾರಿಗೆ? ಯಾವತ್ತು?” ಎಂದರು. ಮರುದಿನ ಕಡತ ಬಿಚ್ಚಿ ನೋಡಿದೆ. ಪತ್ರದ ಕಚೇರಿ ಪ್ರತಿ ಇತ್ತು, ಪತ್ರ ಹೊರಗೆ ಕಳಿಸುವಾಗ ಹಾಕುವ ಜಾವಕ ಸಂಖ್ಯೆ ಇರಲಿಲ್ಲ. ಪತ್ರ ಹೋಗಿಯೇ ಇರಲಿಲ್ಲ. ಎರಡು ಮಳೆಗಾಲ ಮಕ್ಕಳು ಆ ಹಳ್ಳ ದಾಟಿದ್ದರು. ಆ ತಪ್ಪು ನನ್ನದು, ಇವತ್ತಿಗೂ ಮರೆತಿಲ್ಲ.

ಆದ್ದರಿಂದ ನಿಮ್ಮ ಹಾಳೆಯಲ್ಲಿ “ಪ್ರಯತ್ನ ನಡೆದಿದೆ” ಎಂಬ ಮಾತು ಬೇಡ. ಕಾಗದ ಯಾರ ಮೇಜಿನ ಮೇಲಿದೆ, ಯಾವ ತಾರೀಕಿಗೆ ಹೋಯಿತು, ಮತ್ತೆ ಯಾವಾಗ ಕೇಳುತ್ತೀರಿ, ಅಷ್ಟು ಬರೆಯಿರಿ. ಹಣದ ಮಾತನ್ನೂ ಬಿಚ್ಚಿ ಹೇಳಿ. ರಸ್ತೆ ಏಕಿಲ್ಲ ಎಂದು ಜನ ಕೇಳುತ್ತಾರೆ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ಹಣ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಹಾಳೆ ಅಂಟಿಸಿದೆ ಎಂದು ವಾರ್ಡ್ ಸಭೆಯನ್ನು ಮಾತ್ರ ಬಿಡಬೇಡಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಕೊಪ್ಪದ ಅಂಗಳದಲ್ಲೇ ಮಾಡಿ. ಅಜ್ಜಿ ಪಂಚಾಯಿತಿ ಕಟ್ಟೆಗೆ ಬರುವುದು ಕಷ್ಟ, ನೀವು ಅಲ್ಲಿಗೆ ಹೋಗುವುದು ಸುಲಭ.

*

ಉತ್ತರ 2: ಅರ್ಜಿ ಬರೆದುಕೊಡುವವನು, ಸಿದ್ದಾಪುರ

ಅಜ್ಜಿಯ ಕಾಗದದ ಬಗ್ಗೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಮೂರು ಹಂತ ದಾಟಬೇಕು: ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ಉಳಿದವರು ಪಾರಂಪರಿಕ ಅರಣ್ಯವಾಸಿಗಳ ಲೆಕ್ಕಕ್ಕೆ ಬರುತ್ತಾರೆ, ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ನಮ್ಮ ಜಿಲ್ಲೆಯ ಅರ್ಜಿಗಳು ಮುಗ್ಗರಿಸುವುದೇ ಇಲ್ಲಿ. ಅಷ್ಟು ಹಳೆಯ ಕಾಗದ ಕೊಪ್ಪದ ಮನೆಯಲ್ಲಿ ಎಲ್ಲಿಂದ ಬರಬೇಕು?

ಆದರೆ ನಿಯಮದಲ್ಲಿ ಒಂದು ದಾರಿ ಇದೆ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿಕೊಟ್ಟರೆ ಅದೂ ಸಾಕ್ಷ್ಯವೇ. ಹಿರಿಯರು ಬದುಕಿರುವಾಗಲೇ ಬರೆಸಿಕೊಳ್ಳಿ. ಗ್ರಾಮಸಭೆಯಲ್ಲಿ ಅರ್ಜಿ ತಿರಸ್ಕೃತವಾಗಿದ್ದರೆ ಉಪವಿಭಾಗ ಸಮಿತಿಗೆ, ಅಲ್ಲಿಯೂ ಆದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಕೊಡಬಹುದು, ಗಡುವು 60 ದಿನ. ನಾನು ನೋಡಿದ ಬಹಳ ಮನೆಗಳಲ್ಲಿ ಆ ಗಡುವು ದಾಟಿಹೋದದ್ದು ತಿರಸ್ಕಾರದ ಸುದ್ದಿಯೇ ಮನೆಗೆ ಮುಟ್ಟದ ಕಾರಣಕ್ಕೆ. ನಿಮ್ಮ ಹಾಳೆಯಿಂದ ಆಗಬೇಕಾದ ಕೆಲಸ ಇದು ಅಕ್ಕ, ದಯವಿಟ್ಟು ಮಾಡಿ.

ಬಳಚಿನ ವಿಚಾರ: ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದೆ ಎಂದು ಪ್ರಕಟವಾದದ್ದು 2024ರ ಜನವರಿಯಲ್ಲಿ. ರಾಮ್ಸರ್ ಎಂಬುದು ಇರಾನಿನ ಒಂದು ಊರು, 1971ರಲ್ಲಿ ಜೌಗು ಪ್ರದೇಶಗಳ ಒಪ್ಪಂದ ಅಲ್ಲಿ ಆಯಿತು. ಅದರ ತಿರುಳೇ ವಿವೇಕದ ಬಳಕೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಹೊಳೆಗೆ ಇಳಿಯಬಾರದು ಎಂದಾಗುವುದಿಲ್ಲ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

*

ಉತ್ತರ 3: ಗಂಗಾವಳಿ ಕಡೆಯವಳು, ಅಂಕೋಲಾ

ನನ್ನದು ಸಣ್ಣ ಮಾತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಮೊಬೈಲಿನ ತುಂಬ ವಿಡಿಯೊಗಳೇ. ಯಾವುದು ನಿಜ ಎಂದು ಗೊತ್ತಾಗದೆ ನನ್ನ ಅತ್ತೆ ಅಡುಗೆ ಮನೆಯಲ್ಲಿ ಕುಳಿತು ಅಳುತ್ತಿದ್ದರು. ಆಗ ನಮ್ಮ ಸದಸ್ಯರೊಬ್ಬರು ಬೆಳಿಗ್ಗೆ ಒಂದು, ಸಂಜೆ ಒಂದು ಧ್ವನಿ ಸಂದೇಶ ಕಳಿಸುತ್ತಿದ್ದರು: ರಸ್ತೆ ತೆರೆದಿಲ್ಲ, ಶಾಲೆಗೆ ರಜೆ, ಹೊಳೆಯ ನೀರು ಇಷ್ಟಿದೆ. ಹೊಸತೇನೂ ಇಲ್ಲದ ದಿನ “ಇವತ್ತು ಹೊಸ ಸುದ್ದಿ ಇಲ್ಲ” ಎಂದೇ ಹೇಳುತ್ತಿದ್ದರು. ಅತ್ತೆಗೆ ಧೈರ್ಯ ತಂದದ್ದು ಆ ಒಂದು ಸಾಲು. ಓದಲು ಬಾರದವರಿಗೆ ನೀವೂ ಹಾಳೆಯನ್ನು ಓದಿ ಧ್ವನಿಯಲ್ಲಿ ಕಳಿಸಿ.

*

ಉತ್ತರ 4: ಸದನದ ಕಲಾಪ ನೋಡುವವನು, ಕಾರವಾರ

ಬೆಂಗಳೂರಿನ ವಿಷಯ ಕೇಳಿದಿರಿ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಡುವಿನ ಮೆಟ್ಟಿಲು ಖಾಲಿ ಉಳಿದದ್ದರಿಂದ ಎಲ್ಲ ಪ್ರಶ್ನೆಗಳೂ ನಿಮ್ಮಂಥವರ ಮನೆ ಬಾಗಿಲಿಗೇ ಬಂದವು.

ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿದರು ಎಂದಷ್ಟೇ ಬರೆಯಬೇಡಿ, ಉತ್ತರ ಏನು ಬಂತು ಎಂಬುದನ್ನೂ ಬರೆಯಿರಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಮಾತಿನಲ್ಲಿ ಉತ್ತರಿಸಬೇಕು, ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. 2022ರ ಜುಲೈಯಲ್ಲಿ ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಎಷ್ಟು ಜೋರಾಗಿ ಎದ್ದಿತ್ತು, ನೆನಪಿದೆಯಲ್ಲ? ಅಂಥ ಬೇಡಿಕೆ ಎಲ್ಲಿಗೆ ಬಂತು ಎಂದು ಜನ ಕೇಳಿದಾಗ “ಮಂಜೂರಾಗಿದೆ” ಎಂಬ ಒಂದು ಪದ ಸಾಲದು. ಬಜೆಟ್‌ನಲ್ಲಿ ಹೇಳಿದ್ದು ಬೇರೆ, ಆಡಳಿತಾತ್ಮಕ ಅನುಮೋದನೆ ಬೇರೆ, ಹಣ ಬಿಡುಗಡೆ ಬೇರೆ, ಟೆಂಡರ್ ಬೇರೆ. ಯಾವ ಮೆಟ್ಟಿಲಲ್ಲಿದೆ ಎಂದು ಬರೆದರೆ ಯಾರನ್ನು ಕೇಳಬೇಕೆಂದು ಜನರಿಗೇ ತಿಳಿಯುತ್ತದೆ.

*

ಗಜನಿ ದಂಡೆಯವಳು:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಕುಳಿತು ಹೊಸ ಹಾಳೆ ಬರೆದೆ. ಆಗದ ಕೆಲಸಗಳೇ ಈ ಸಲ ಮೊದಲು. ತಲೆಯ ಸಾಲು ಇದು: “ಕೊಪ್ಪದ ಒಂಬತ್ತು ಅರಣ್ಯ ಹಕ್ಕು ಅರ್ಜಿಗಳು ಯಾವ ಹಂತದಲ್ಲಿವೆ ಎಂದು ಕೇಳಲು ಶುಕ್ರವಾರ ಕುಮಟಾ ಉಪವಿಭಾಗ ಕಚೇರಿಗೆ ಹೋಗುತ್ತೇನೆ. ಅವರು ಹೇಳಿದ್ದನ್ನು ಶನಿವಾರ ಇದೇ ಗೋಡೆಗೆ ಅಂಟಿಸುತ್ತೇನೆ.”

ಅಜ್ಜಿಯ ಚೀಟಿಯ ತಾರೀಕು ಪೂರ್ತಿ ಅಳಿಸುವ ಮೊದಲು ಫೋಟೊ ತೆಗೆದಿಟ್ಟಿದ್ದೇನೆ. ಸಿದ್ದಾಪುರದ ಅಣ್ಣನವರೇ, ಹಿರಿಯರ ಹೇಳಿಕೆ ಬರೆಸಿಕೊಂಡ ಮಾದರಿ ನಿಮ್ಮ ಬಳಿ ಇದ್ದರೆ ಹೆಸರು ತೆಗೆದು ಇಲ್ಲಿ ಹಾಕುತ್ತೀರಾ?