ಬ್ರೊಕೊಲಿ ಬೀಜದಿಂದ ಸಲ್ಫೋರಫೇನ್: ಇಳುವರಿ ಯಾಕೆ ಇಷ್ಟು ಕಡಿಮೆ?

ಪ್ರಶ್ನೆ: 10 ಗ್ರಾಂ ಬೀಜ ಪುಡಿ ಮಾಡಿ, ಹೆಕ್ಸೇನ್‌ನಲ್ಲಿ ಎಣ್ಣೆ ತೆಗೆದು, 100 ಮಿ.ಲೀ. ನೀರಿನಲ್ಲಿ ಕಲಸಿ, 40 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೀಜದಲ್ಲೇ ಇರುವ ಮೈರೋಸಿನೇಸ್ ಕಿಣ್ವವೇ ಗ್ಲುಕೋರಫನಿನ್ (ಸಲ್ಫೋರಫೇನ್ ಆಗುವ ಮೂಲ ವಸ್ತು) ಒಡೆಯಲಿ ಅಂತ. ಆಮೇಲೆ ಈಥೈಲ್ ಅಸಿಟೇಟ್‌ನಲ್ಲಿ ಇಳಿಸಿದೆ. ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಂನಲ್ಲಿ 178ರ ಗೆರೆ (ಸಲ್ಫೋರಫೇನ್) ಸಣ್ಣದು, 146ರದು ದೊಡ್ಡದು. ಏನು ತಪ್ಪಿದೆ?

ಉತ್ತರ 1: 146 ಅಂದರೆ ನೈಟ್ರೈಲ್, ಸಲ್ಫೋರಫೇನ್ ಬದಲು ಆಗುವ ಬೇಡದ ವಸ್ತು. ಕಿಣ್ವ ಕೆಲಸ ಮಾಡಿದೆ, ಆದರೆ ಬೀಜದಲ್ಲಿರುವ ಎಪಿಥಿಯೋಸ್ಪೆಸಿಫೈಯರ್ ಪ್ರೋಟೀನ್ ದಾರಿ ತಿರುಗಿಸಿದೆ. ಅದು 60 ಡಿಗ್ರಿ ಆಸುಪಾಸಿನಲ್ಲಿ ಕೆಡುತ್ತದೆ, ಮೈರೋಸಿನೇಸ್ ಅಷ್ಟಕ್ಕೆ ಕೆಡುವುದಿಲ್ಲ. ಮೊಳಕೆಯಲ್ಲಿ ಈ ಉಪಾಯ ಚೆನ್ನ. ಪುಡಿಯಲ್ಲಿ ಕಷ್ಟ: ಒಣ ಪುಡಿ ಬಿಸಿ ಮಾಡಿದರೆ ಪ್ರೋಟೀನ್ ಜಗ್ಗುವುದಿಲ್ಲ, ಒದ್ದೆಯಾದರೆ ಆ ಕ್ಷಣವೇ ಪ್ರತಿಕ್ರಿಯೆ ಶುರು.

ಅದಕ್ಕೇ ಎರಡನ್ನೂ ಸಾಯಿಸಿಬಿಡಿ. ಕುದಿಯುವ ನೀರಿಗೆ ಪುಡಿ ಹಾಕಿ 10 ನಿಮಿಷ ಕುದಿಸಿ. ತಣ್ಣೀರಿಗೆ ಪುಡಿ ಹಾಕಿ ಆಮೇಲೆ ಕಾಯಿಸಿದರೆ ಮೊದಲಿನ ಕಥೆಯೇ. ಗ್ಲುಕೋರಫನಿನ್ ಇಳಿದ ಆ ನೀರು ಸೋಸಿ, 40 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಹೊಸದಾಗಿ ಪುಡಿ ಮಾಡಿದ ಬಿಳಿ ಸಾಸಿವೆ ಸುಮಾರು 1 ಗ್ರಾಂ ಸೇರಿಸಿ. ಅದರಲ್ಲಿ ಮೈರೋಸಿನೇಸ್ ಧಾರಾಳ. ಹುರಿದ ಸಾಸಿವೆ ಬೇಡ, ಒಗ್ಗರಣೆಗೆ ಸರಿ, ಇಲ್ಲಿ ಸತ್ತ ಕಿಣ್ವ. ಕಪ್ಪು ಸಾಸಿವೆ ಹಾಕಿದರೆ ಅದರದೇ ಘಾಟು ಎಣ್ಣೆ ನೀವು ಈಥೈಲ್ ಅಸಿಟೇಟಿಗೆ ಇಳಿಸಿಕೊಂಡದ್ದರೊಳಗೆ ಸೇರುತ್ತದೆ.

ಉತ್ತರ 2: ರಾತ್ರಿಯಿಡೀ ಬಿಡಬೇಡಿ, 2 ಗಂಟೆ ಸಾಕು. ಬಿಟ್ಟಷ್ಟೂ ಸಲ್ಫೋರಫೇನ್ ಪ್ರೋಟೀನಿಗೆ ಅಂಟಿಕೊಂಡು ಹೋಗುತ್ತದೆ. ಪಿಎಚ್ 6ರಿಂದ 7ರ ನಡುವೆ ಇರಲಿ: ಹುಳಿ ಹೆಚ್ಚಾದರೆ ನೈಟ್ರೈಲ್, ಕ್ಷಾರ ಹೆಚ್ಚಾದರೆ ಸಲ್ಫೋರಫೇನೇ ಒಡೆಯುತ್ತದೆ. ಲೀಟರಿಗೆ 176 ಮಿ.ಗ್ರಾಂ. ವಿಟಮಿನ್ ಸಿ ಹಾಕಿದರೆ ಕಿಣ್ವ ಚುರುಕು, ತುಂಬಾ ಹಾಕಿದರೆ ಅದೇ ತಡೆ. ಹಾಕಿದ ಮೇಲೆ ಪಿಎಚ್ ಮತ್ತೆ ನೋಡಿ. ನೀರು ಡಿಸ್ಟಿಲ್ಡ್ ಇರಲಿ, ಕಬ್ಬಿಣದ ಅಂಶ ಇದ್ದರೆ ನೈಟ್ರೈಲ್ ಜಾಸ್ತಿ.

ಪ್ರಶ್ನೆ ಕೇಳಿದವರು: ಈಥೈಲ್ ಅಸಿಟೇಟ್ ಹಾಕಿ ಅಲುಗಾಡಿಸಿದರೆ ಮಜ್ಜಿಗೆಯ ಹಾಗೆ ಆಗುತ್ತದೆ, ಪದರ ಬೇರೆಯಾಗುವುದಿಲ್ಲ.

ಉತ್ತರ 1: ಪ್ರೋಟೀನಿನ ಕೆಲಸ. ಮೊದಲು ಸೆಂಟ್ರಿಫ್ಯೂಜ್ ಮಾಡಿ, ನೀರಿಗೆ ಕರಗುವಷ್ಟೂ ಉಪ್ಪು ಹಾಕಿ, ಜೋರಾಗಿ ಕುಲುಕದೆ ಮೂರು ಸಲ ಇಳಿಸಿ. ಒಣ ಸೋಡಿಯಂ ಸಲ್ಫೇಟ್‌ನಿಂದ ನೀರು ತೆಗೆದು, ನಿರ್ವಾತದಲ್ಲಿ 40 ಡಿಗ್ರಿ ಮೀರದೆ ಆವಿ ಮಾಡಿ, ಮೈನಸ್ 20ರಲ್ಲಿ ಇಡಿ.

ಉತ್ತರ 3: ಬೀಜ ಎಲ್ಲಿಂದ ತಂದದ್ದು? ಬಿತ್ತನೆಯ ಪ್ಯಾಕೆಟ್ಟಾಗಿದ್ದು ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದರಲ್ಲಿ ಶಿಲೀಂಧ್ರನಾಶಕ ಇರುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೊಳಕೆಗೆಂದು ಮಾರುವ, ಏನೂ ಸವರದ ಬೀಜ ತನ್ನಿ.