ಮಳೆಗಾಲಕ್ಕೆ ದೋಣಿ ಇಂಜಿನ್ ಒಳಗಿಡುವಾಗ ಪೆಟ್ರೋಲ್ ಏನು ಮಾಡಬೇಕು?

ಹೊಳೆಯಾಚೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನ ದಡದಲ್ಲಿ. 2025ರ ಜುಲೈಯಲ್ಲಿ ಸೇತುವೆ ಓಪನ್ ಆದ ಮೇಲೆ ಸಾಗರಕ್ಕೆ ಹೋಗಲು ಲಾಂಚ್ ಕಾಯುವುದು ತಪ್ಪಿತು. ಆದರೆ ನಮ್ಮ ತೋಟದ ಒಂದು ತುಂಡು ನೀರಿನ ಆಚೆ ಇದೆ. ಅಲ್ಲಿಗೆ ಇವತ್ತಿಗೂ ದೋಣಿಯೇ ಗತಿ. ಸಣ್ಣ ಫೈಬರ್ ದೋಣಿ, ಹಿಂದೆ 15 ಹೆಚ್.ಪಿ. ಔಟ್‌ಬೋರ್ಡ್ ಇಂಜಿನ್, ಟೂ ಸ್ಟ್ರೋಕ್. ಲೀಟರಿಗೆ 20 ಎಂ.ಎಲ್. ಆಯಿಲ್ ಬೆರೆಸಿ ಹಾಕುತ್ತೇವೆ. ಟ್ಯಾಂಕ್ ಬೇರೆ ಇದೆ, 24 ಲೀಟರಿನದು, ಕೈಯಲ್ಲಿ ಎತ್ತಿಕೊಂಡು ಹೋಗಬಹುದು.

ಜೂನ್ ಬಂತೆಂದರೆ ದೋಣಿ ಮೇಲೆ ಎಳೆದು ಬಿಡುತ್ತೇವೆ. ಮತ್ತೆ ನೀರಿಗೆ ಇಳಿಸುವುದು ದೀಪಾವಳಿ ಹೊತ್ತಿಗೆ. ಹೋದ ವರ್ಷ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು, ಹಾಗೇ ಇಟ್ಟೆ. ಹಬ್ಬ ಮುಗಿಸಿ ಹಗ್ಗ ಎಳೆದರೆ ಕೆಮ್ಮಿತೇ ಹೊರತು ಹಿಡಿಯಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ನೋಡಿದೆ. ಬಟ್ಟಲಿನ ತಳದಲ್ಲಿ ಜೋನಿಬೆಲ್ಲ ಆರಿದ ಹಾಗೆ ಕಂದು ಅಂಟು. ಬೆರಳಿಂದ ಕೆರೆದರೂ ಬರಲಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲೇ ಹನ್ನೆರಡು ದಿನ ದೋಣಿ ಇಲ್ಲ. ಅಪ್ಪ ಹುಟ್ಟು ಹಾಕಿಕೊಂಡೇ ಹೋಗಿ ಬಂದರು. ಅವರಿಗೆ ಅರವತ್ತೆಂಟು. ಈ ವರ್ಷ ಅದು ಆಗಬಾರದು.

ಟ್ಯಾಂಕ್ ಫುಲ್ ಮಾಡಿ ಇಡಬೇಕಾ, ಖಾಲಿ ಮಾಡಿ ಇಡಬೇಕಾ? ವಿಡಿಯೋಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಂಜಿನ್ ಮತ್ತು ಟ್ಯಾಂಕ್ ಎರಡನ್ನೂ ಬಚ್ಚಲು ಪಕ್ಕದ ಕೊಟ್ಟಿಗೆಯಲ್ಲಿ ಇಡುವ ಯೋಚನೆ ಇದೆ. ಒಲೆಯ ಬಿಸಿಗೆ ಅಲ್ಲಿ ಥಂಡಿ ಕಮ್ಮಿ.

ಪಂಪ್‌ಸೆಟ್ ರಿಪೇರಿ, ಸಾಗರ:

ಮೊದಲು ಕೊನೆಯ ಮಾತಿಗೆ ಉತ್ತರ. ಬಚ್ಚಲ ಒಲೆ ಹತ್ತಿರ ಆ ಟ್ಯಾಂಕ್ ಖಂಡಿತ ಬೇಡ ಮಾರಾಯ್ರೆ. ಇಂಜಿನ್ನನ್ನೂ ಪೂರ್ತಿ ಒಣಗಿಸದೆ ಅಲ್ಲಿ ಇಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ಮನೆಯಲ್ಲಿ ಕ್ಯಾನನ್ನು ಬಚ್ಚಲ ಹೊರಗೆ ಇಟ್ಟಿದ್ದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಲೆಗೂ ಕ್ಯಾನಿಗೂ ಹತ್ತು ಅಡಿ ದೂರ. ಬೆಂಕಿ ನೆಲದ ಮೇಲೆ ನೀರಿನ ಹಾಗೆ ಹರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೋಗೆಯ ಮಾಡು ಪೂರಾ ಹೋಯ್ತು, ಜನ ಉಳಿದರು. ಅಡಿಕೆ ಬೇಯಿಸುವ ಒಲೆ ಇರುವ ಕಡೆಯೂ ಬೇಡ. ಗಾಳಿ ಆಡುವ, ಬೆಂಕಿ ಇಲ್ಲದ, ಸ್ವಿಚ್ ಬೋರ್ಡ್ ಇಲ್ಲದ ಜಾಗ ನೋಡಿ.

ಈಗ ಆ ಅಂಟಿನ ವಿಷಯ. ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನ ತೆಳು ಭಾಗ ಆರಿ ಹೋಗುತ್ತದೆ, ದಪ್ಪದ್ದು ಉಳಿದು ಗಟ್ಟಿಯಾಗುತ್ತದೆ. ಪೆಟ್ರೋಲ್ ಹಾದು ಹೋಗುವ ಜೆಟ್ಟಿನ ತೂತು ಸೂಜಿ ಮೊನೆಯಷ್ಟು. ಕಟ್ಟಿಕೊಳ್ಳಲು ಎಷ್ಟು ಬೇಕು ಹೇಳಿ?

ಟ್ಯಾಂಕಿನ ಕಥೆ ಬೇರೆ. ಈಗ ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕ್ ಅಂದರೆ ಉಳಿದರ್ಧ ನಮ್ಮ ಆಷಾಢದ ಗಾಳಿ. ಒಣಹಾಕಿದ ಬಟ್ಟೆಯೇ ವಾರಗಟ್ಟಲೆ ಆರದ ಕಾಲ ಅದು. ನೀರು ಒಂದು ಮಿತಿ ದಾಟಿತೆಂದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬಿಟ್ಟುಕೊಂಡು ತಳಕ್ಕೆ ಕೂರುತ್ತವೆ. ಇಂಜಿನ್ ಎಳೆಯುವ ಪೈಪ್ ಇರುವುದೂ ತಳದಲ್ಲೇ. ನಿಮ್ಮದು ಟೂ ಸ್ಟ್ರೋಕ್ ಬೇರೆ. ಆಯಿಲ್ ಮೇಲಿನ ಪೆಟ್ರೋಲಿನ ಜೊತೆಯೇ ಉಳಿಯುತ್ತದೆ, ತಳದ ನೀರಿನಲ್ಲಿ ಇರುವುದಿಲ್ಲ. ಅದನ್ನು ಕುಡಿದು ಇಂಜಿನ್ ಓಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೋದ ವರ್ಷ ಸ್ಟಾರ್ಟ್ ಆಗದೆ ಇದ್ದದ್ದೇ ಒಳ್ಳೆಯದಾಯ್ತು.

ನಿಮ್ಮಂಥ ಎತ್ತುವ ಟ್ಯಾಂಕಿಗೆ ನನ್ನ ಉತ್ತರ ಒಂದೇ: ಪೂರ್ತಿ ಖಾಲಿ ಮಾಡಿ, ಒಣಗಿಸಿ. ಮೇ ಕೊನೆಗೆ ಲೆಕ್ಕ ಹಾಕಿಯೇ ಪೆಟ್ರೋಲ್ ಹಾಕಿಸಿ. ಉಳಿದದ್ದು ವೀಡ್ ಕಟರ್‌ಗೆ ಬರುತ್ತದೆ, ಅದೂ ಟೂ ಸ್ಟ್ರೋಕ್ ತಾನೇ. ನಿಮ್ಮ ಕಟರ್ ಲೀಟರಿಗೆ 25 ಎಂ.ಎಲ್. ಕೇಳುವಂಥದ್ದಾದರೆ ಲೀಟರಿಗೆ ಇನ್ನೈದು ಎಂ.ಎಲ್. ಸೇರಿಸಿ. ಜೂನಿನಲ್ಲಿ ತೋಟದ ಹುಲ್ಲು ಹೊಡೆಯುವಾಗ ಮುಗಿದೇ ಹೋಗುತ್ತದೆ. ಬೈಕಿಗೆ ಮಾತ್ರ ಹಾಕಬೇಡಿ.

ಕೊನೆಯ ದಿನ ಹೀಗೆ ಮಾಡಿ. ಹೊಸ ಪೆಟ್ರೋಲ್ ಎರಡು ಲೀಟರ್, ಆಯಿಲ್, ಅದಕ್ಕೆ ಫ್ಯೂಯೆಲ್ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದ ಹಾಗೆ ಕಾಯುವ ದ್ರವ), ಡಬ್ಬದ ಮೇಲೆ ಬರೆದಷ್ಟೇ. ದೋಣಿ ನೀರಿನಲ್ಲಿರುವಾಗಲೇ ಹತ್ತು ನಿಮಿಷ ಓಡಿಸಿ. ಆಗ ಅದು ಫಿಲ್ಟರ್, ಪಂಪ್, ಜೆಟ್ ಎಲ್ಲಾ ಕಡೆ ಹೋಗಿ ಸೇರುತ್ತದೆ. ಆಮೇಲೆ ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಓಡುತ್ತಿರುವಾಗ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ನಿಲ್ಲಲಿ. ರೇಸ್ ಮಾಡಬೇಡಿ, ಆ ಹೊತ್ತಿಗೆ ಆಯಿಲೂ ಕಮ್ಮಿಯಾಗಿರುತ್ತದೆ. ಮೇಲೆತ್ತಿದ ಮೇಲೆ ಒಣ ಇಂಜಿನ್ ಓಡಿಸಲೇಬೇಡಿ, ನೀರೆಳೆಯುವ ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗುತ್ತದೆ.

ಇಂಜಿನ್ ನಿಂತಿತು, ಬಟ್ಟಲು ಖಾಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಖಾಲಿ ಆಗಿರುವುದಿಲ್ಲ. ತಳದಲ್ಲಿ ಒಂದೆರಡು ಚಮಚ ಉಳಿದೇ ಇರುತ್ತದೆ, ನಿಮಗೆ ಸಿಕ್ಕ ಜೋನಿಬೆಲ್ಲ ಅದೇ. ಬಟ್ಟಲಿನ ಅಡಿಯಲ್ಲಿ ಡ್ರೈನ್ ಸ್ಕ್ರೂ ಇದೆ. ಇಂಜಿನ್ ತಣ್ಣಗಾದ ಮೇಲೆ ಕೆಳಗೊಂದು ಗಾಜಿನ ಲೋಟ ಹಿಡಿದು ಬಿಚ್ಚಿ. ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ. ಸ್ಕ್ರೂ ತಿರುಗಿಸುವಾಗ ಸರಿಯಾದ ಸೈಜಿನ ಡ್ರೈವರ್ ಇರಲಿ, ಹಿತ್ತಾಳೆ ಸ್ಕ್ರೂ ಬೇಗ ತಲೆ ಹಾಳಾಗುತ್ತದೆ.

ಹೊಸನಗರ ಹೋಮ್‌ಸ್ಟೇ:

ನಮ್ಮಲ್ಲಿ ಟ್ಯಾಂಕ್ ಫುಲ್ ಮಾಡಿಯೇ ಇಡುವುದು. ಮೂರು ಮಳೆಗಾಲ ಆಯ್ತು, ತೊಂದರೆ ಬಂದಿಲ್ಲ. ಸ್ಟೆಬಿಲೈಸರ್ ಹಾಕುತ್ತೇವೆ. ಖಾಲಿ ಇಟ್ಟರೆ ಒಳಗೆ ನೀರು ಬೆವರುವುದಿಲ್ಲವಾ ಅಣ್ಣ?

ಪೈಪಿನ ಬಗ್ಗೆ ಒಂದು ಮಾತು. ಹೋದ ವರ್ಷ ನಮ್ಮ ಪೈಪನ್ನು ಇಲಿ ಕಡಿದಿತ್ತು, ರಬ್ಬರ್ ಬಲ್ಬಿನ ಹತ್ತಿರವೇ. ಈಗ ಪೈಪ್ ಬಿಚ್ಚಿ ಸುತ್ತಿ ತಗಡಿನ ಡಬ್ಬದಲ್ಲಿ ಹಾಕಿ ಮುಚ್ಚುತ್ತೇನೆ. ಇಂಜಿನ್ ನೀರು ಉಗುಳುವ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದಕ್ಕೆ ಬಟ್ಟೆ ತುರುಕಿ ಕೆಂಪು ದಾರ ಕಟ್ಟುತ್ತೇನೆ. ಕೆಂಪು ಯಾಕೆ ಅಂದರೆ ಇಳಿಸುವಾಗ ತೆಗೆಯಲು ಮರೆಯಬಾರದು.

ಪಂಪ್‌ಸೆಟ್ ರಿಪೇರಿ, ಸಾಗರ:

ಅಕ್ಕ, ನಿಮ್ಮದು ದೋಣಿಯೊಳಗೇ ಕೂರಿಸಿದ ಟ್ಯಾಂಕ್ ಇರಬೇಕು, ಅಲ್ವಾ? ಹಾಗಿದ್ದರೆ ನೀವು ಮಾಡುವುದೇ ಸರಿ. ಅದನ್ನು ಬಿಚ್ಚಿ ಒಣಗಿಸಲು ಆಗುವುದಿಲ್ಲ. ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಕಮ್ಮಿ, ನೀರೂ ಕಮ್ಮಿ. ಆದರೆ ಬಾಯಿ ಮಟ್ಟ ಬೇಡ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ನೂರರಲ್ಲಿ ತೊಂಬತ್ತೈದು ಪಾಲು ಸಾಕು. ಸ್ಟೆಬಿಲೈಸರ್ ಹೊಸ ಪೆಟ್ರೋಲನ್ನು ಕಾಯುತ್ತದೆ. ಹಾಳಾದದ್ದನ್ನು ಸರಿ ಮಾಡುವುದಿಲ್ಲ, ಬೇರೆಯಾದ ನೀರನ್ನು ಮತ್ತೆ ಬೆರೆಸುವುದೂ ಇಲ್ಲ.

ಹೊಳೆಯಾಚೆ ಅವರ ಟ್ಯಾಂಕ್ ಖಾಲಿ ಮಾಡಿ ಬಿಸಿಲಿನಲ್ಲಿ ಬಾಯಿ ತೆರೆದು ಒಂದು ದಿನ ಇಟ್ಟರೆ ಒಣಗುತ್ತದೆ. ಆಮೇಲೆ ಮುಚ್ಚಳದ ಗಾಳಿ ಸ್ಕ್ರೂ ಬಿಗಿ ಮಾಡಿದರೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಮೇ ಬಿಸಿಲು ಇರುವಾಗಲೇ ಮಾಡಿ. ಜೂನ್ ಮೊದಲ ವಾರಕ್ಕೆ ಬಿಟ್ಟರೆ ಆ ಬಿಸಿಲು ಸಿಗುವುದಿಲ್ಲ.

ವಿದೇಶದ ವಿಡಿಯೋಗಳಲ್ಲಿ ಆಂಟಿಫ್ರೀಜ್ ಹಾಕುವುದನ್ನು ತೋರಿಸುತ್ತಾರೆ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಇಂಜಿನ್ ಒಡೆಯುತ್ತದೆ. ನಮಗೆ ಅದು ಬೇಕಿಲ್ಲ. ಇಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ನೀರು ಇಳಿಸಿ, ಸಾಕು. ಗೇರ್ ಆಯಿಲ್ ಒಂದು ಹನಿ ತೆಗೆದು ನೋಡಿ. ಹಾಲು ಬೆರೆಸಿದ ಹಾಗಿದ್ದರೆ ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಹೋಗಿದೆ ಅಂತ ಅರ್ಥ.

ಹೊಳೆಯಾಚೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಎಲ್ಲಾ ಮಾಡಿದೆ. ಹೋದ ವರ್ಷದ ಹಳೇ ಪೆಟ್ರೋಲ್ ಇನ್ನೂ ಒಂದು ಕ್ಯಾನಿನಲ್ಲಿತ್ತು. ತಳದಿಂದ ಪೈಪಿನಲ್ಲಿ ಎಳೆದು ಗಾಜಿನ ಬಾಟಲಿಗೆ ಬಿಟ್ಟು ಅರ್ಧ ಗಂಟೆ ಕಟ್ಟೆಯ ಮೇಲೆ ಇಟ್ಟೆ. ನಡುವೆ ಒಂದು ಗೆರೆ ಬಂತು, ಸ್ಕೇಲ್ ಇಟ್ಟು ಎಳೆದ ಹಾಗೆ. ಮೇಲೆ ಟೂ ಟಿ ಆಯಿಲಿನ ಬಣ್ಣ, ಕೆಳಗೆ ಬರೀ ಮಸುಕು ನೀರು. ಅಪ್ಪನನ್ನು ಕರೆದು ತೋರಿಸಿದೆ. ಬಾಟಲಿ ಅಲ್ಲಾಡಿಸಿ ಮತ್ತೆ ಕಟ್ಟೆಯ ಮೇಲೆ ಇಟ್ಟರು, ಗೆರೆ ಮತ್ತೆ ಬರುವವರೆಗೂ ಅಲ್ಲೇ ಕೂತಿದ್ದರು.

ಡ್ರೈನ್ ಸ್ಕ್ರೂ ಬಿಚ್ಚಿದಾಗ ನೀವು ಹೇಳಿದಷ್ಟೇ ಬಂತು, ಎರಡು ಚಮಚ. ಟ್ಯಾಂಕ್ ಅಂಗಳದ ಬಿಸಿಲಿನಲ್ಲಿದೆ. ಇಂಜಿನ್ನನ್ನು ಗೊಬ್ಬರದ ಚೀಲ ಇಡುವ ಶೆಡ್ಡಿಗೆ ಸಾಗಿಸಿದೆವು, ಅಲ್ಲಿ ಕರೆಂಟೂ ಇಲ್ಲ ಒಲೆಯೂ ಇಲ್ಲ. ಕೆಂಪು ದಾರವನ್ನೂ ಕಟ್ಟಿದ್ದೇನೆ ಅಕ್ಕ. ಆ ಹಳೇ ಪೆಟ್ರೋಲನ್ನು ಹೊಳೆಗೆ ಚೆಲ್ಲುವ ಮನಸ್ಸಿಲ್ಲ, ನಾವು ಕುಡಿಯುವುದೂ ಅದೇ ನೀರು. ಸಾಗರಕ್ಕೆ ಬಂದಾಗ ನಿಮ್ಮಲ್ಲಿಗೆ ತಂದರೆ ತೆಗೆದುಕೊಳ್ಳುತ್ತೀರಾ?

ಪಂಪ್‌ಸೆಟ್ ರಿಪೇರಿ, ಸಾಗರ:

ತನ್ನಿ. ಲೋಹದ ಕ್ಯಾನಿನಲ್ಲಿ ತನ್ನಿ, ಬಸ್ಸಿನಲ್ಲಿ ಬೇಡ. ಹಳೇ ಕಾರ್ಬ್ಯುರೇಟರ್ ಜೆಟ್ಟೂ ಜೊತೆಗಿರಲಿ, ತೂತು ಸರಿಯಿದೆಯಾ ಅಂತ ಒಮ್ಮೆ ನೋಡೋಣ.